ಕೂಲಿಂಗ್ ಗ್ಲಾಸ್ ಸ್ಟೈಲಿಗಲ್ಲ ಕಣ್ರೋ (ಭಾಗ 3)

ಕ್ಲಾಸಲ್ಲಿ ಒಬ್ಬಳು ಟೋಪಿ, ಕಪ್ಪು ಕನ್ನಡಕ ಹಾಕ್ಕೊಂಡು ಕೂತ್ರೆ "ಏನಮ್ಮ, ಹೀರೋಯಿನ್ನಾ?" ಅಂತೀರಲ್ಲ, ಇದು ನಿಮಗೇ.

ನಾನು ಹೇಳ್ತಿರೋದು ಆಲ್ಬಿನಿಸಂ ಇರೋ ಮಕ್ಕಳ ಬಗ್ಗೆ. ನೀವು 'ಫಾರಿನರ್', 'ಬಿಳಿ ಜಿರಳೆ' ಅಂತ ಹೆಸರಿಟ್ಟಿದ್ದೀರಲ್ಲ, ಅವರೇ. ಮೈಯಲ್ಲಿ ಮೆಲನಿನ್ ತೀರಾ ಕಡಿಮೆ. ಚರ್ಮ, ಕೂದಲು ಎಲ್ಲರಿಗೂ ಕಾಣುತ್ತೆ. ಕಣ್ಣೊಳಗೆ ಏನಾಗ್ತಿದೆ ಅನ್ನೋದು ಯಾರಿಗೂ ಬೇಡ. ನಮ್ಮ ಐರಿಸ್ ದಪ್ಪ ಪರದೆ ಥರ ಬೆಳಕು ತಡೆಯುತ್ತೆ. ಅವರದ್ದು ತೆಳು ಪರದೆ, ಬೆಳಕು ಅದನ್ನೇ ದಾಟಿ ಒಳಗೆ ನುಗ್ಗಿ ಚೆದುರುತ್ತೆ. ಸಾಲದ್ದಕ್ಕೆ, ಓದೋಕೆ ಬೇಕಾದ ರೆಟಿನಾದ ನಡುಭಾಗ ಪೂರ್ತಿ ಬೆಳೆದಿರಲ್ಲ, ಕಣ್ಣುಗುಡ್ಡೆ ತಾನಾಗೇ ಅಲುಗಾಡ್ತಿರುತ್ತೆ. ಕನ್ನಡಕದಿಂದ ಇದು ಪೂರ್ತಿ ಸರಿಹೋಗಲ್ಲ.

ಈಗ ಅವಳನ್ನ ಕಿಟಕಿ ಪಕ್ಕ ಕೂರಿಸಿ. ಬಿಸಿಲು ಬಿದ್ದು ಅರ್ಧ ಬೋರ್ಡ್ ಹೊಳೀತಿದೆ, ನೋಟ್‌ಬುಕ್ಕಿನ ಬಿಳಿ ಹಾಳೆ ಕನ್ನಡಿ ಆಗಿದೆ. ನಮ್ಮ ಲಿಪಿಯಲ್ಲಿ 'ದ'ಗೂ 'ಧ'ಗೂ ಇರೋ ವ್ಯತ್ಯಾಸ ಒಂದು ಸಣ್ಣ ಸೀಳು. ಒತ್ತಕ್ಷರ ಬೇರೆ ಕೆಳಗೆ ಇರುವೆ ಥರ ಕೂತಿರುತ್ತೆ. ಅವಳು ತಲೆ ಓರೆ ಮಾಡಿ, ಮೂಗು ಹಾಳೆಗೆ ತಾಗಿಸಿ ಬರೀತಾಳೆ. ಎಷ್ಟೋ ಮಕ್ಕಳಿಗೆ ಆ ಕೋನದಲ್ಲೇ ಕಣ್ಣಿನ ಅಲುಗಾಟ ಕಡಿಮೆ. ಸಿಗೋ ಬಹುಮಾನ ಏನು? "ನೆಟ್ಟಗೆ ಕೂತ್ಕೋ", "ಟೋಪಿ ತೆಗಿ", ಕಾಗುಣಿತ ತಪ್ಪು ಅಂತ ಎರಡು ಮಾರ್ಕ್ಸ್ ಕಟ್.

ರಾತ್ರಿ ಫೋನ್ ಬೆಳಕು ಚುಚ್ಚುತ್ತೆ ಅಂತ ಡಾರ್ಕ್ ಮೋಡ್ ಹಾಕ್ಕೊಳ್ಳೋರು ನಾವು. ಅವಳು ಹಗಲಿಗೆ ಡಾರ್ಕ್ ಮೋಡ್ ಹಾಕ್ಕೊಂಡ್ರೆ ಶಿಸ್ತಿನ ಪ್ರಶ್ನೆ!

ಕಾನೂನು ಇಲ್ವಾ? ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯೋಕೆ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಎಲ್ಲ ಹೇಳುತ್ತೆ. ಆದ್ರೆ ಮಂದದೃಷ್ಟಿ ಅಂದ್ರೆ ಏನು ಅಂತ ಅಳೆಯೋದು 6/18 ಥರದ ಚಾರ್ಟ್ ಲೆಕ್ಕದಲ್ಲಿ, ಇಲ್ಲಾ ದೃಷ್ಟಿಯ ಅಗಲದಲ್ಲಿ. ಬೆಳಕು ಚುಚ್ಚೋದಕ್ಕೆ ಆ ವ್ಯಾಖ್ಯೆಯಲ್ಲಿ ಜಾಗವೇ ಇಲ್ಲ. ನೆರಳಿನ ಕೋಣೆಯಲ್ಲಿ ಚಾರ್ಟಿನ ಇನ್ನೊಂದು ಸಾಲು ಓದಿಬಿಟ್ಟಳೋ, ಸರ್ಟಿಫಿಕೇಟ್ ಹೋಯ್ತು. ಬಿಸಿಲಿನ ಕ್ಲಾಸ್‌ರೂಮಲ್ಲಿ ಅವಳು ಏನು ಓದ್ತಾಳೆ ಅಂತ ಯಾರೂ ಕೇಳಲ್ಲ.

(ಡಿಸ್ಲೆಕ್ಸಿಯಾ ಇರೋ ಮಕ್ಕಳಿಗೆ ಬಣ್ಣದ ಗಾಜು ಮಾರೋರ ವಿಷಯ ಬೇರೆ. ಅದಕ್ಕೆ ಆಧಾರ ಇಲ್ಲ ಅಂತ ಅಮೆರಿಕದ ಮಕ್ಕಳ ತಜ್ಞರು, ಕಣ್ಣಿನ ತಜ್ಞರ ಸಂಘಗಳು 2009ರಲ್ಲೇ ಒಟ್ಟಾಗಿ ಹೇಳಿವೆ. ಎರಡನ್ನೂ ಕಲಸಬೇಡಿ.)

ಕಾಯ್ದೆ ಬದಲಾಗೋವರೆಗೆ ಕಾಯೋಕೆ ಅವಳಿಗೆ ಟೈಮ್ ಇಲ್ಲ, ಎಸ್ಸೆಸ್ಸೆಲ್ಸಿ ಬರ್ತಿದೆ. ಬೋರ್ಡ್ ಮೇಲಿರೋದನ್ನ ಜೋರಾಗಿ ಓದಿ ಹೇಳೋಕೆ ನಿಮಗೆ ಯಾರ ಪರ್ಮಿಷನ್ನೂ ಬೇಡ. ನಾಳೆ ಸರ್ ಹತ್ರ ಹೋಗಿ ಅವಳನ್ನ ಮುಂದಿನ ಬೆಂಚಿಗೆ, ಕಿಟಕಿಗೆ ಬೆನ್ನು ಬರೋ ಹಾಗೆ ಕೂರಿಸಿ ಅಂತ ಕೇಳಿ. ಟೋಪಿ ತಲೆ ಮೇಲೇ ಇರಲಿ. ಪರದೆಗೆ ದುಡ್ಡಿಲ್ಲ ಅಂದ್ರೆ ಮನೆಯಿಂದ ಒಂದು ಹಳೇ ಪಂಚೆ ತನ್ನಿ, ಎರಡು ಮೊಳೆ ಸಾಕು.