ಎತ್ತಿನ ಗೊರಕೆ ಸುದ್ದಿಯಲ್ಲವೇ?

ಮಲಪ್ರಭೆ ಬಗ್ಗೆ ನಾವು ಬರೆದ ಸುದ್ದಿಗೆ ಲೆಕ್ಕವಿಲ್ಲ. ನವಿಲುತೀರ್ಥದ ಅಣೆಕಟ್ಟೆಗೆ ಒಳಹರಿವು ಎಷ್ಟು, ಕಾಲುವೆಗೆ ನೀರು ಯಾವಾಗ, ರಾಮದುರ್ಗದಲ್ಲಿ ಹೊಳೆ ಏರಿತೇ, ವರ್ಷವಿಡೀ ಇದೇ. ಹೊಳೆ, ಹಳ್ಳ, ಹೊಂಡದ ನೀರಿನಲ್ಲಿ ಏನು ಬದುಕಿದೆ ಎಂದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತುವ ನಾವು ಒಮ್ಮೆಯೂ ಕೇಳಲಿಲ್ಲ.

ಕೇಳಬೇಕಿತ್ತು. ಉಸಿರೆಳೆದಾಗ ಗೊರ್ರ್ ಎನ್ನುವ ಎತ್ತನ್ನು ನಾವೂ ನೋಡಿದ್ದೇವೆ. ವಿಚಾರಿಸಿದರೆ ‘ನೆಗಡಿ ಆಗೇತ್ರಿ, ತಾನ ಹೋಗತೈತಿ’ ಎಂಬ ಉತ್ತರ.

ಅದು ನೆಗಡಿಯೇ ಆಗಿರಬೇಕಿಲ್ಲ. ಪಶುವೈದ್ಯರು ಗೊರಕೆ ರೋಗ ಎನ್ನುವ ಕಾಯಿಲೆಯೊಂದಿದೆ. ಕಾರಣ, ಮೂಗಿನ ರಕ್ತನಾಳದಲ್ಲಿ ಬಿಡಾರ ಹೂಡುವ ಚಪ್ಪಟೆಹುಳು. 1933ರಲ್ಲಿ ರಾವ್ ಎಂಬ ವಿಜ್ಞಾನಿ ಇದಕ್ಕೆ ಸ್ಕಿಸ್ಟೋಸೋಮಾ ನೇಸಾಲೆ ಎಂದು ಹೆಸರಿಟ್ಟರು. ಚಪ್ಪಟೆಹುಳುಗಳಲ್ಲಿ ಬಹುಪಾಲು ಒಂದೇ ದೇಹದಲ್ಲಿ ಗಂಡೂ ಹೌದು, ಹೆಣ್ಣೂ ಹೌದು. ಇದರಲ್ಲಿ ಮಾತ್ರ ಬೇರೆ ಬೇರೆ. ಗಂಡು ತನ್ನ ಮೈಯನ್ನೇ ಮಡಚಿ ಹೆಣ್ಣನ್ನು ಅದರೊಳಗೆ ಇಟ್ಟುಕೊಂಡು ಬಾಳುತ್ತದೆ. ಮೊಟ್ಟೆ ಸಿಂಬಳದ ಜೊತೆ ನೀರಿಗೆ ಬಿದ್ದು ಒಡೆಯುತ್ತದೆ. ಮರಿ ಬಸವನಹುಳುವಿನ ಮೈಹೊಕ್ಕು, ಅಲ್ಲಿ ಒಂದು ನೂರಾರಾಗಿ ಮತ್ತೆ ನೀರಿಗಿಳಿಯುತ್ತದೆ. ಹೊಂಡದಲ್ಲಿ ನಿಂತ ದನದ ಚರ್ಮ ಕೊರೆದು ಒಳಸೇರುತ್ತದೆ. ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆದು ಉಸಿರಾಟಕ್ಕೆ ಅಡ್ಡ ನಿಲ್ಲುತ್ತದೆ. ಎಮ್ಮೆಯಲ್ಲಿ ಲಕ್ಷಣ ಅಷ್ಟಾಗಿ ಕಾಣದು, ಆದರೆ ಮೊಟ್ಟೆ ಹರಡುವುದು ನಿಲ್ಲದು.

ಇದರ ಬಳಗವೂ ದೊಡ್ಡದು. ವಿಜ್ಞಾನಿಗಳು ಗುರುತಿಸಿದ ಚಪ್ಪಟೆಹುಳುಗಳೇ 20,000ಕ್ಕೂ ಹೆಚ್ಚು ಬಗೆ. ಎರಡು ತುಂಡು ಮಾಡಿದರೆ ಎರಡು ಹುಳುವಾಗಿ ಬೆಳೆಯುವ, ಯಾರಿಗೂ ಕೆಡುಕು ಮಾಡದ ಪ್ಲನೇರಿಯಾ ಇದೆ. ಬಾಯಿ, ಹೊಟ್ಟೆ ಎರಡೂ ಇಲ್ಲದ ಲಾಡಿಹುಳು ಇದೆ. ಕುರಿ, ದನದ ಪಿತ್ತನಾಳಕ್ಕೆ ಸೇರಿ ದವಡೆ ಕೆಳಗೆ ಬಾವು ಬರಿಸುವ ಯಕೃತ್ತಿನ ಹುಳುವೂ ಇವರ ನೆಂಟನೇ. ಅದು ಹೊಂಡದಂಚಿನ ಹಸಿಹುಲ್ಲಿನ ಜೊತೆ ಹೊಟ್ಟೆ ಸೇರುತ್ತದೆ.

ಇಷ್ಟು ಬಗೆಯಿರುವಾಗ ‘ಜಂತಿನ ಔಷಧ ಕೊಡ್ರಿ’ ಎಂದು ಅಂಗಡಿಯಲ್ಲಿ ಬಾಟಲಿ ಕೊಂಡು ಸುರಿಯುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಕರುಳಿನ ದುಂಡುಹುಳುವಿಗೆ ಕೊಡುವ ಮದ್ದಿಗೆ ಮೂಗಿನ ರಕ್ತನಾಳದ ಹುಳು ಜಗ್ಗುವುದಿಲ್ಲ. ಮೊದಲು ಸಿಂಬಳ, ಸಗಣಿ ಸೂಕ್ಷ್ಮದರ್ಶಕದಡಿ ಹೋಗಬೇಕು. ಈ ಪರೀಕ್ಷೆ ಪ್ರತಿ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ, ಕೇಳಿದ ದಿನವೇ ಆಗಬೇಕೆಂಬುದು ನಮ್ಮ ಒತ್ತಾಯ.

ಇನ್ನೊಂದು, ದನ ಹೊಂಡಕ್ಕೆ ಇಳಿಯದಂತೆ ನೀರಿನ ತೊಟ್ಟಿ. ಕಟ್ಟಿದ ತೊಟ್ಟಿಗಳೇನೋ ಇವೆ. ಉದ್ಘಾಟನೆಯ ಫೋಟೊ ತೆಗೆದವರೂ ನಾವೇ. ಈಗ ಅವುಗಳಲ್ಲಿ ಎಷ್ಟರಲ್ಲಿ ನೀರಿದೆ ಎಂದು ಮುಂದಿನ ವಾರದಿಂದ ಊರೂರು ನೋಡಿ ಬರೆಯುತ್ತೇವೆ. ನಿಮ್ಮೂರಿನದು ಒಣಗಿದ್ದರೆ ಫೋಟೊ ಕಳಿಸಿ.