ರಕ್ಷಾಪುಟದ ಚೌಕ

ಕಳೆದ ತಿಂಗಳು ನನಗೊಂದು ಅಂಚೆಕಾರ್ಡು ಬಂದಿತು. ಈಗಲೂ ಕಾರ್ಡು ಬರೆಯುವವರಿದ್ದಾರೆಯೇ ಎಂದು ವಾಚಕರು ಕೇಳಿಯಾರು, ಇದ್ದಾರೆ. ಬರೆದವರು ಹಳ್ಳಿಯೊಂದರಲ್ಲಿ ನೆಲೆಸಿರುವ ನಿವೃತ್ತ ಉಪಾಧ್ಯಾಯರು. ನನ್ನ ಪ್ರಬಂಧ ಸಂಕಲನವನ್ನು ಓದಿ ಸಂತೋಷಪಟ್ಟುದಾಗಿ ಮೊದಲೆರಡು ಸಾಲು. ಅನಂತರ ಹೀಗಿತ್ತು: ‘ಹಿಂದಿನ ರಕ್ಷಾಪುಟದಲ್ಲಿ ತಾವು ಅಚ್ಚು ಹಾಕಿಸಿರುವ ಚೌಕವನ್ನು ಮೊಮ್ಮಗಳ ಮೊಬೈಲಿನಿಂದ ನೋಡಿದೆವು. ತಮ್ಮ ಧ್ವನಿ ಕೇಳಿಬರಲಿಲ್ಲ. ಹಣ ಕಟ್ಟಬೇಕೆಂಬ ಇಂಗ್ಲಿಷ್ ಬರಹ ಕಂಡಿತು. ಎಷ್ಟು ಕಟ್ಟಬೇಕು, ದಯವಿಟ್ಟು ತಿಳಿಸುವುದು.’

ಓದಿ ನಾನು ನಾಚಿದೆ. ಪುಸ್ತಕಕ್ಕೆ ಬೆಲೆ ತೆತ್ತು, ಓದಿ, ಮೆಚ್ಚಿದ ಹಿರಿಯರೊಬ್ಬರು ಲೇಖಕನಿಗೆ ಇನ್ನೂ ಏನನ್ನೋ ಸಲ್ಲಿಸಬೇಕಾಗಿದೆಯೆಂದು ತಿಳಿದು ಕಾರ್ಡು ಬರೆದಿದ್ದರು!

ನಡೆದುದು ಇಷ್ಟು. ಎರಡು ವರ್ಷಗಳ ಹಿಂದೆ ಪ್ರಕಾಶಕರಾರೂ ಒಪ್ಪದ ಆ ಸಂಕಲನವನ್ನು ಸ್ವಂತ ಖರ್ಚಿನಿಂದ ಐನೂರು ಪ್ರತಿ ಅಚ್ಚು ಮಾಡಿಸಿದೆ. ಅಚ್ಚು ಮಾಡಿಸುವುದು ಸುಲಭ. ಓದುಗನನ್ನು ಮುಟ್ಟುವುದು ಕಷ್ಟ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುವವನು ನಾನು. ಹೊರುವ ಶಕ್ತಿಯಾಗಲಿ ಸಂಕೋಚ ಬಿಡುವ ಧೈರ್ಯವಾಗಲಿ ನನಗಿರಲಿಲ್ಲ. ಆದುದರಿಂದ ಕ್ಯೂಆರ್ ಕೋಡನ್ನು ಹಾಕಿಸಿದೆ. ಓದುಗನು ಮೊಬೈಲು ಹಿಡಿದರೆ ನಾನು ಓದಿದ ಮೂರು ಪ್ರಬಂಧಗಳು ಕೇಳಿಸುವಂತೆಯೂ, ಪುಸ್ತಕದ ಒಪ್ಪೋಲೆ ಕಾಣುವಂತೆಯೂ ಏರ್ಪಾಡು. ಹಿಂದೆ ಒಪ್ಪೋಲೆ ಪುಸ್ತಕದ ಕೊನೆಗೆ ಅಂಟಿಕೊಂಡೇ ಬರುತ್ತಿತ್ತು. ಅಚ್ಚಾದ ಮೇಲೆ ಕಂಡ ತಪ್ಪಿಗೆ ಅದರಲ್ಲಿ ಜಾಗವಿರಲಿಲ್ಲ. ಇಲ್ಲಿ ಇದೆ. ಈ ಚೌಕದ ನಿಜವಾದ ಉಪಯೋಗಗಳಲ್ಲಿ ಇದೊಂದೆಂದು ಈಗಲೂ ನನ್ನ ಮತ.

ಚೌಕವು ಪುಸ್ತಕಕ್ಕಾಗಿ ಹುಟ್ಟಿದುದಲ್ಲ. 1994ರಲ್ಲಿ ಜಪಾನಿನ ಡೆನ್ಸೋ ಸಂಸ್ಥೆಯಲ್ಲಿ ಮಸಾಹಿರೊ ಹಾರಾ ಎಂಬ ಎಂಜಿನಿಯರರೂ ಅವರ ಸಂಗಡಿಗರೂ ಮೋಟಾರು ಕಾರ್ಖಾನೆಯ ಬಿಡಿಭಾಗಗಳ ಲೆಕ್ಕವಿಡಲು ಇದನ್ನು ರೂಪಿಸಿದರು. ಹಕ್ಕುಸ್ವಾಮ್ಯವಿದ್ದರೂ ಸಂಸ್ಥೆಯು ಅದನ್ನು ಚಲಾಯಿಸದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಮೂರು ಮೂಲೆಗಳ ಮೂರು ಪುಟ್ಟ ಚೌಕಗಳು ಯಂತ್ರದ ಕಣ್ಣಿಗೆ ದಿಕ್ಕು ತೋರಿಸುತ್ತವೆ. ರಚಿಸುವಾಗಲೇ ತಕ್ಕ ಏರ್ಪಾಡು ಮಾಡಿದ್ದರೆ, ನೂರಕ್ಕೆ ಮೂವತ್ತರಷ್ಟು ಭಾಗ ಮಾಸಿದರೂ ಉಳಿದುದರಿಂದ ಒಳಗಿನ ಮಾತನ್ನು ಕೂಡಿಸಿಕೊಳ್ಳಬಹುದು. ಗೆದ್ದಲು ತಿಂದ ಓಲೆಗರಿಯೊಡನೆ ಹೆಣಗಿದವರು ಈ ಗುಣಕ್ಕೆ ಅಸೂಯೆಪಟ್ಟಾರು.

ಹಾಗಾದರೆ ನನ್ನ ಚೌಕ ಸತ್ತುದೇಕೆ? ಚೌಕ ಸಾಯಲಿಲ್ಲ, ಅದು ತೋರಿಸುತ್ತಿದ್ದ ಮನೆಗೆ ಬೀಗ ಬಿದ್ದಿತ್ತು. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ನಾವು ಕೊಟ್ಟ ವಿಳಾಸವೇ ಚುಕ್ಕೆಗಳಲ್ಲಿ ಅಡಗಿರುತ್ತದೆ. ಎರಡನೆಯದರಲ್ಲಿ ಅಡಗಿರುವುದು ಮಧ್ಯವರ್ತಿಯೊಬ್ಬನ ವಿಳಾಸ. ಬಂದವನನ್ನು ಅವನು ನಮ್ಮ ಮನೆಗೆ ದಾಟಿಸುತ್ತಾನೆ. ಮುಂದೆ ಮನೆ ಬದಲಾದರೆ ಅವನಿಗೆ ತಿಳಿಸಿದರಾಯಿತು, ಅಚ್ಚಾದ ಚೌಕವನ್ನು ಮುಟ್ಟಬೇಕಾಗಿಲ್ಲ ಎಂಬುದು ಇದರ ಅನುಕೂಲ. ನಾನು ಪುಕ್ಕಟೆಯೆಂದು ಈ ಎರಡನೆಯದನ್ನು ಆರಿಸಿದ್ದೆ. ಪುಕ್ಕಟೆಯ ಅವಧಿ ಮುಗಿಯಿತು. ಎಚ್ಚರಿಕೆಯ ಪತ್ರಗಳು ನಾನು ತೆರೆಯದ ಯಾವುದೋ ಮಿಂಚಂಚೆ ಪೆಟ್ಟಿಗೆಯಲ್ಲಿ ಬಿದ್ದಿದ್ದುವು. ಮಧ್ಯವರ್ತಿಯು ಹಾದಿಯನ್ನು ಮುಚ್ಚಿ, ಬಂದವರ ಎದುರು ಹಣದ ಮಾತನ್ನು ನೇತುಹಾಕಿದ. ಮಾತು ನನ್ನನ್ನು ಕುರಿತದ್ದು, ಓದಿದವರು ಉಪಾಧ್ಯಾಯರು.

ಇನ್ನೊಂದು ಸಂಗತಿ ನನಗೆ ಆಮೇಲೆ ಹೊಳೆಯಿತು. ಯಾವ ಗಳಿಗೆಯಲ್ಲಿ, ಯಾವ ಊರ ಕಡೆಯಿಂದ, ಯಾವ ಬಗೆಯ ಮೊಬೈಲಿನಿಂದ ನನ್ನ ಚೌಕವನ್ನು ನೋಡಿದರೆಂಬ ಲೆಕ್ಕವನ್ನು ಆ ಮಧ್ಯವರ್ತಿ ಇಡುತ್ತಿದ್ದ. ಮೊದಲ ತಿಂಗಳು ಆ ಪಟ್ಟಿಯನ್ನು ನಾನೇ ಹೆಮ್ಮೆಯಿಂದ ನೋಡಿದ್ದೆ. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಓದುವವನು ತಾನು ಓದುತ್ತಿರುವುದನ್ನು ಯಾರಿಗೂ ಹೇಳಬೇಕಾಗಿಲ್ಲವೆಂಬುದು ಅಚ್ಚಿನ ಪುಸ್ತಕದ ದೊಡ್ಡ ಸೌಜನ್ಯ. ಅದನ್ನು ನಾನು ಕೇಳದೆ ಕಿತ್ತುಕೊಂಡಂತಾಯಿತು.

ಪುಸ್ತಕ ಹೊರತರಲಿರುವ ಗೆಳೆಯರು ಈಗ ನನ್ನನ್ನು ಕೇಳಿದರೆ ಹೇಳುವುದಿಷ್ಟು. ಸ್ವಂತ ಹೆಸರಿನದೊಂದು ವಿಳಾಸವನ್ನು ಕೊಳ್ಳಿರಿ. ವರ್ಷದ ಬಾಡಿಗೆ ನಾಲ್ಕಾರು ಪುಸ್ತಕಗಳ ಬೆಲೆಯನ್ನು ಮೀರದು. ಹಾದಿ ಬದಲಿಸುವ ಅನುಕೂಲವೂ ಆಗ ನಿಮ್ಮ ಕೈಯಲ್ಲೇ ಇರುತ್ತದೆ. ಆದರೆ ಬಾಡಿಗೆ ತಪ್ಪಿದರೆ ಆ ವಿಳಾಸವನ್ನು ಮತ್ತಾರೋ ಕೊಂಡು ಜೂಜಿನ ಅಂಗಡಿ ತೆರೆದಾರು, ಗ್ರಂಥಾಲಯದಲ್ಲಿರುವ ನಿಮ್ಮ ಪ್ರತಿಗಳು ಅಲ್ಲಿಗೆ ದಾರಿ ತೋರಿಸುತ್ತಲೇ ಇದ್ದಾವು; ಮನೆಯವರಿಗೂ ಈ ಬಾಡಿಗೆಯ ಸಂಗತಿ ತಿಳಿದಿರಲಿ. ಚೌಕದ ಕೆಳಗೆ ಅದೇ ವಿಳಾಸವನ್ನು ಅಕ್ಷರಗಳಲ್ಲಿ ಅಚ್ಚು ಮಾಡಿಸಿ, ನೋಡಿದರೆ ಏನು ಸಿಗುವುದು, ಹಣ ಕೊಡಬೇಕೇ ಬೇಡವೇ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಕನ್ನಡಾಭಿಮಾನದಿಂದ ವಿಳಾಸದಲ್ಲಿ ಪುಸ್ತಕದ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಲು ಹೋಗಿ ನಾನೊಮ್ಮೆ ಸೋತೆ: ಗಣಕವು ನಮ್ಮ ಒಂದೊಂದು ಅಕ್ಷರಚಿಹ್ನೆಯನ್ನೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗಿಸಿ ಬರೆದುಕೊಂಡಿತು, ಚೌಕವು ರಾಗಿ ಚೆಲ್ಲಿದಂತಾಗಿ ಮೊಬೈಲಿಗೆ ಓದಲಾಗಲಿಲ್ಲ. ಚಿಕ್ಕ ವಿಳಾಸವೇ ವಾಸಿ. ಬಿಳಿಯ ಮೇಲೆ ಕಪ್ಪು, ಸುತ್ತ ಖಾಲಿ ಅಂಚು, ಬೆರಳ ಉಗುರಿಗಿಂತ ದೊಡ್ಡ ಅಳತೆ. ಮುದ್ರಣಾಲಯದ ಕರಡಚ್ಚಿನಲ್ಲಿಯೇ ಮೂರು ನಾಲ್ಕು ಬಗೆಯ ಮೊಬೈಲುಗಳಿಂದ ನೋಡಿಬಿಡಿ. ಹಣ ಪಡೆಯುವ ಚೌಕವನ್ನಂತೂ ಪುಸ್ತಕದ ಮೇಲೆ ಹಾಕಬೇಡಿ. ಅಂಗಡಿಯವರ ಚೌಕದ ಮೇಲೆಯೇ ತಮ್ಮದನ್ನು ಅಂಟಿಸಿ ಹಣ ಹೊಡೆಯುವವರಿದ್ದಾರೆ. ಪುಸ್ತಕದ ಮೇಲೆ ಅಂಟಿಸಿದರೆ ಕಾಯುವವರಾರು?

ನನ್ನಲ್ಲಿ ಉಳಿದಿದ್ದ ನೂರಾ ಎಂಬತ್ತು ಪ್ರತಿಗಳಿಗೆ ರಾತ್ರಿ ಕುಳಿತು ಹೊಸ ಚೀಟಿ ಅಂಟಿಸಿದೆ. ಹೊರಗೆ ಹೋದ ಮುನ್ನೂರಿಪ್ಪತ್ತು ಪ್ರತಿಗಳು ಹೋದಂತೆಯೇ. ಅವು ಯಾರ ಯಾರ ಮನೆಯಲ್ಲಿ ಹಣ ಕೇಳುತ್ತಿವೆಯೋ! ಉಪಾಧ್ಯಾಯರಿಗೆ ಒಂದು ಕಾಸೂ ಕೊಡಬೇಕಾಗಿಲ್ಲವೆಂದು ಕ್ಷಮೆ ಕೇಳಿ ಬರೆದು, ಹೊಸ ವಿಳಾಸವನ್ನೂ ತಿಳಿಸಿದೆ. ಮೊನ್ನೆ ಮತ್ತೊಂದು ಕಾರ್ಡು ಬಂದಿದೆ. ಪ್ರಬಂಧಗಳನ್ನು ಕೇಳಿದರಂತೆ. ಎರಡನೆಯದರಲ್ಲಿ ನಾನು ಒಂದು ವಾಕ್ಯವನ್ನು ಬಿಟ್ಟು ಓದಿರುವೆನಂತೆ, ಪುಟಸಂಖ್ಯೆಯನ್ನೂ ಕಾಣಿಸಿದ್ದಾರೆ.