ಕೂಡಿಸಿಕೊಳ್ಳುವ ಕೆಲಸ ನಮ್ಮದು



ಭಾನುವಾರ ಶಾಲೆ ಮುಗಿದ ಮೇಲೆ ಒಂದು ಮಗು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿತು: “ಟೀಚರ್, ಅಪ್ಪನಿಗೆ ಕೆಲಸ ಹೋಗಿ ಮೂರು ತಿಂಗಳಾಯ್ತು. ಅಮ್ಮ ದಿನಾ ಪ್ರಾರ್ಥನೆ ಮಾಡ್ತಾರೆ. ಆದ್ರೂ ರಾತ್ರಿ ಅಡುಗೆಮನೆಯಲ್ಲಿ ಒಬ್ಬರೇ ಕೂತು ಅಳ್ತಾರೆ. ಹಾಗಾದ್ರೆ ಅಮ್ಮನಿಗೆ ದೇವರ ಮೇಲೆ ಭರವಸೆ ಇಲ್ವಾ?”

ಎಷ್ಟೋ ಮನೆಗಳಲ್ಲಿ ಮಕ್ಕಳು ಇಂಥ ಪ್ರಶ್ನೆಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿರುತ್ತಾರೆ. ಆದ್ದರಿಂದ ಆ ಮಗುವಿಗೆ ನಾನು ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತೇನೆ.

ಮೊದಲನೆಯದಾಗಿ, ಅಳುವುದು ಅವಿಶ್ವಾಸವಲ್ಲ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ಓದಿ ನೋಡಿ. ಲಾಜರನನ್ನು ಎಬ್ಬಿಸುವೆನೆಂದು ಯೇಸುವಿಗೆ ಗೊತ್ತಿತ್ತು. ಆದರೂ ಮರಿಯಳೂ ಜೊತೆಗಿದ್ದವರೂ ಅಳುವುದನ್ನು ಕಂಡು ಆತನೂ ಅತ್ತನು. ಭರವಸೆ ಕಳಕೊಂಡವರು ದೇವರ ಹತ್ತಿರ ಕೇಳುವುದನ್ನೇ ಬಿಟ್ಟುಬಿಡುತ್ತಾರೆ. ಅಳುತ್ತಲೇ ಮೊಣಕಾಲೂರುವ ತಾಯಿ ಭರವಸೆ ಉಳ್ಳವಳೇ.

ಹಾಗಾದರೆ ದೇವರಲ್ಲಿ ಪೂರ್ಣ ಭರವಸೆ ಇಡುವುದು ಎಂದರೇನು? ಕೈಕಟ್ಟಿ ಕೂತು ಆತನೇ ಎಲ್ಲ ಮಾಡಲಿ ಎನ್ನುವುದೇ? ವಿಮೋಚನಕಾಂಡದ 16ನೇ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿದೆ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಮನ್ನಾ ಕೊಟ್ಟನು. ಆದರೆ ಅದು ಯಾರ ಬಾಯಿಗೂ ನೇರವಾಗಿ ಬಂದು ಬೀಳಲಿಲ್ಲ. ಬೆಳಿಗ್ಗೆ ಎದ್ದು, ಬಿಸಿಲೇರುವ ಮುಂಚೆ ಹೊರಗೆ ಹೋಗಿ, ಬಗ್ಗಿ ಕೂಡಿಸಿಕೊಳ್ಳಬೇಕಿತ್ತು. ಕೆಲವರು ನಾಳೆಗಿರಲಿ ಎಂದು ಅಡಗಿಸಿಟ್ಟರು. ಮರುದಿನ ಅದು ಹುಳಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಸಿಗುತ್ತಿತ್ತು. ಸುರಿಸುವ ಕೆಲಸ ದೇವರದು, ಕೂಡಿಸಿಕೊಳ್ಳುವ ಕೆಲಸ ಜನರದು. ನಾಳೆಯ ಚಿಂತೆಯನ್ನು ಮಾತ್ರ ಆತನ ಕೈಯಲ್ಲಿ ಬಿಡಬೇಕಿತ್ತು.

ನಮ್ಮ ದೇಶದಲ್ಲೇ ಹೀಗೆ ಬಾಳಿದವರಿದ್ದಾರೆ. ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಹದಿನಾರರ ವಯಸ್ಸಿನಲ್ಲಿ ಬರಗಾಲಕ್ಕೆ ತಂದೆ ತಾಯಿಯನ್ನು ಕಳಕೊಂಡರು. ಸ್ವಲ್ಪ ಕಾಲದಲ್ಲೇ ಅಕ್ಕನೂ ತೀರಿಕೊಂಡರು. ಅಣ್ಣನ ಜೊತೆ ಊರೂರು ಸುತ್ತುತ್ತಾ ಹಸಿವು ಏನೆಂದು ಕಂಡವರು ಅವರು. ಮದುವೆಯಾದ ಎರಡೇ ವರ್ಷದಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಕಂಕುಳಲ್ಲಿ ಪುಟ್ಟ ಮಗಳಿದ್ದಳು. ಮುಂದೆ ಇಂಗ್ಲೆಂಡಿಗೆ ಹೋದಾಗ, 1883ರಲ್ಲಿ ದೀಕ್ಷಾಸ್ನಾನ ಪಡೆದರು.

ಬ್ರಿಸ್ಟಲ್ ನಗರದಲ್ಲಿ ಸಾವಿರಾರು ಅನಾಥ ಮಕ್ಕಳನ್ನು ಸಾಕಿದ ಜಾರ್ಜ್ ಮುಲ್ಲರರ ಜೀವನವನ್ನು ರಮಾಬಾಯಿ ಓದಿದರು. ಮುಲ್ಲರರು ಮನುಷ್ಯರ ಹತ್ತಿರ ಹಣ ಕೇಳದೆ ದೇವರ ಹತ್ತಿರ ಮಾತ್ರ ಕೇಳುತ್ತಿದ್ದರು. ಆದರೆ ಬಂದ ಕಾಸು ಕಾಸಿಗೂ ಲೆಕ್ಕ ಬರೆದು ಪ್ರಕಟಿಸುತ್ತಿದ್ದರು. ಆ ದೇಶದಲ್ಲಿ ಆದದ್ದು ಭಾರತದಲ್ಲಿ ಏಕೆ ಆಗಬಾರದು ಎಂದು ರಮಾಬಾಯಿ ಯೋಚಿಸಿದರು.

1896ರ ಬರಗಾಲದಲ್ಲಿ ಅವರು ಮಧ್ಯಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಅವರಿಗಾಗಿ ‘ಮುಕ್ತಿ’ ಎಂಬ ನೆಲೆ ಕಟ್ಟಿದರು. ಅಷ್ಟು ಹೊಟ್ಟೆಗಳಿಗೆ ಊಟ ಎಲ್ಲಿಂದ? ಅವರು ಪ್ರಾರ್ಥಿಸಿದರು. ಅದರ ಜೊತೆಗೆ ಬಾವಿ ತೋಡಿಸಿದರು, ಹೊಲ ಮಾಡಿಸಿದರು, ದನ ಸಾಕಿದರು, ಹುಡುಗಿಯರಿಗೆ ನೇಯ್ಗೆ ಮತ್ತು ಅಚ್ಚಿನ ಕೆಲಸ ಕಲಿಸಿದರು. ಪ್ರಾರ್ಥನೆ ಇದೆ ಎಂದು ಗುದ್ದಲಿ ಕೆಳಗಿಡಲಿಲ್ಲ, ಗುದ್ದಲಿ ಇದೆ ಎಂದು ಪ್ರಾರ್ಥನೆ ಬಿಡಲಿಲ್ಲ.

ಒಂದು ಮಾತನ್ನು ಮಕ್ಕಳಿಂದ ಮುಚ್ಚಿಡಬಾರದು. ಭರವಸೆ ಇಟ್ಟವರಿಗೆ ಕೇಳಿದ್ದೆಲ್ಲ ಸಿಗುತ್ತದೆ ಎಂದಲ್ಲ. 1921ರಲ್ಲಿ ರಮಾಬಾಯಿಯವರ ಒಬ್ಬಳೇ ಮಗಳು ಮನೋರಮಾ ತೀರಿಕೊಂಡಳು. ಆಗ ಅವರು ಸತ್ಯವೇದವನ್ನು ಮರಾಠಿಗೆ ಅನುವಾದಿಸುತ್ತಿದ್ದರು. ಆ ದುಃಖದಲ್ಲೂ ಕೆಲಸವನ್ನು ಮುಂದುವರಿಸಿ ಮುಗಿಸಿದರು. 1922ರ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದರು. ಮಗಳನ್ನು ಉಳಿಸದ ದೇವರ ಕೈಯನ್ನು ಅವರು ಕೊಡವಿಕೊಳ್ಳಲಿಲ್ಲ.

ಇನ್ನು ಹಿರಿಯರಿಗೆ ಒಂದು ಮಾತು. ಹೆಚ್ಚು ಕೂಡಿಸಿದವನಿಗೆ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ ಎಂಬ ಮನ್ನಾದ ಸಂಗತಿಯನ್ನು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ನೆನಪಿಸುತ್ತಾನೆ. ಏಕೆ? ಕಷ್ಟದಲ್ಲಿದ್ದ ಸಹೋದರರಿಗೆ ಹಣ ಕೂಡಿಸುವುದಕ್ಕಾಗಿ! ಒಬ್ಬರ ಮನೆಯ ಮನ್ನಾವನ್ನು ದೇವರು ಇನ್ನೊಬ್ಬರ ಮನೆಯ ಅಕ್ಕಿ ಡಬ್ಬದಲ್ಲಿ ಇಟ್ಟಿರಬಹುದು. ಸಭೆಯಲ್ಲಿ ಒಂದು ಕುಟುಂಬಕ್ಕೆ ಸಂಬಳ ನಿಂತಿದೆ ಎಂದು ಗೊತ್ತಾದಾಗ “ದೇವರಲ್ಲಿ ಭರವಸೆ ಇಡಿ” ಎಂದಷ್ಟೇ ಹೇಳಿ ಬರಬೇಡಿ. ಒಂದು ಚೀಲ ಅಕ್ಕಿಯನ್ನೂ, ಎಲ್ಲಾದರೂ ಕೆಲಸವಿದ್ದರೆ ಆ ಸುದ್ದಿಯನ್ನೂ ಜೊತೆಗೆ ಒಯ್ಯಿರಿ.

ಈ ವಾರದ ಕುಟುಂಬ ಪ್ರಾರ್ಥನೆಯಲ್ಲಿ ಹೀಗೆ ಮಾಡಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನಾಳೆ ನಾವು ಮಾಡಬೇಕಾದ ಕೆಲಸ ಬರೆಯಿರಿ: ಗಣಿತದ ಎರಡು ಲೆಕ್ಕ, ಕೆಲಸಕ್ಕೊಂದು ಅರ್ಜಿ, ಅಜ್ಜಿಯ ಮಾತ್ರೆ. ಬಲಕ್ಕೆ ನಮ್ಮ ಕೈಯಲ್ಲಿಲ್ಲದ್ದನ್ನು ಬರೆಯಿರಿ: ಪರೀಕ್ಷೆಯ ಫಲ, ಅರ್ಜಿಗೆ ಬರುವ ಉತ್ತರ, ಅಜ್ಜಿಯ ಆರೋಗ್ಯ. ಬಲಗಡೆಯದನ್ನು ಒಂದೊಂದಾಗಿ ಹೆಸರು ಹೇಳಿ ಕರ್ತನಿಗೆ ಒಪ್ಪಿಸಿ, ದೀಪ ಆರಿಸಿ ಮಲಗಿ. ಎಡಗಡೆಯದಕ್ಕೆ ಬೆಳಿಗ್ಗೆ ಬೇಗ ಏಳಿ.